ಅಜ್ಜಿಯ ಭಂಗಿ ಸೊಪ್ಪು, ದೊಡ್ಡಪ್ಪನ ನೋವು

ಹೋದ ಶನಿವಾರ ತೂಬಗೆರೆಗೆ ಹೋಗಿದ್ದೆ. (ಗೊತ್ತಿಲ್ಲದವರಿಗೆ: ಘಾಟಿ ಸುಬ್ರಹ್ಮಣ್ಯ ಇರೋದು ನಮ್ಮ ಹೋಬಳಿಯಲ್ಲೇ.) ಟಿವಿಯಲ್ಲಿ ಎಲ್ಲೋ ಹೊಲದ ಮಧ್ಯೆ ಬೆಳೆದಿದ್ದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತು ಹಾಕುತ್ತಿದ್ದರು. ಅಜ್ಜಿ ನೋಡಿ, "ಭಂಗಿ ಸೊಪ್ಪಲ್ವೇನೋ ಅದು? ನಮ್ ಕಾಲದಲ್ಲಿ ದನಕ್ಕೆ ಭೇದಿ ಆದ್ರೆ ಕೊಡ್ತಿದ್ರು. ನಿಮ್ ದೊಡ್ಡಪ್ಪಂಗೂ ಒಂಚೂರು ಕೊಟ್ಟಿದ್ರೆ ನಿದ್ದೆನಾದ್ರೂ ಮಾಡ್ತಿದ್ದ" ಅಂತು.

ದೊಡ್ಡಪ್ಪನಿಗೆ ಗಂಟಲು ಕ್ಯಾನ್ಸರ್. ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಕೊನೆಯ ಎರಡು ತಿಂಗಳು ರಾತ್ರಿಯೆಲ್ಲಾ ಅವರ ನರಳಾಟ ನಡುಮನೆಗೆ ಕೇಳಿಸುತ್ತಿತ್ತು. ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಮಾರ್ಫಿನ್ ಕೇಳಿದರೆ "ನಮ್ಮಲ್ಲಿ ಇಡೋಲ್ಲ, ಲೈಸೆನ್ಸ್ ರಗಳೆ" ಅಂದಿದ್ದರಂತೆ. ಅಜ್ಜಿಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬೆಂಗಳೂರಿಗೆ ವಾಪಸ್ ಬಂದು ಈ ಸೊಪ್ಪಿನ ಚರಿತ್ರೆ ಹುಡುಕುತ್ತಾ ಕೂತೆ.

ಗಾಂಜಾವನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದ್ದು ಅಮೆರಿಕದ ಹಿಪ್ಪಿಗಳಲ್ಲ, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಐರಿಷ್ ಪ್ರೊಫೆಸರ್ ವಿಲಿಯಂ ಓಶಾನೆಸ್ಸಿ. 1839ರಲ್ಲಿ ಆತ ಮೊದಲು ಪ್ರಾಣಿಗಳಿಗೆ, ಆಮೇಲೆ ಸಂಧಿವಾತ, ಧನುರ್ವಾಯು, ಕಾಲರಾ ರೋಗಿಗಳಿಗೆ ಕೊಟ್ಟು ಫಲಿತಾಂಶ ಬರೆದಿಟ್ಟ. ಅವರಲ್ಲಿ ಫಿಟ್ಸ್ ಬರುತ್ತಿದ್ದ 40 ದಿನದ ಹಸುಗೂಸೂ ಒಂದು, ಮಗು ಚೇತರಿಸಿಕೊಂಡಿತು. (ಭಾರತಕ್ಕೆ ಟೆಲಿಗ್ರಾಫ್ ತಂದಿದ್ದೂ ಇದೇ ಆಸಾಮಿ. ಒಂದು ಲೆಕ್ಕದಲ್ಲಿ ನಮ್ಮ ಫೀಲ್ಡಿನವನೇ :)) ಅದೇ ಗಿಡದ ಸಿಬಿಡಿ ಅಂಶದಿಂದ ಮಾಡಿದ ಎಪಿಡಿಯೋಲೆಕ್ಸ್ ಅನ್ನೋ ಔಷಧಿಗೆ, ಮಕ್ಕಳಲ್ಲಿ ಬರುವ ಅಪರೂಪದ ಮೂರ್ಛೆರೋಗಕ್ಕೆ ಅಂತ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ!

1893ರಲ್ಲಿ ಬ್ರಿಟಿಷರು ಇದಕ್ಕೇ ಒಂದು ಕಮಿಷನ್ ನೇಮಿಸಿದರು. 1193 ಸಾಕ್ಷಿಗಳನ್ನು ಕೇಳಿ, ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಅಂತ ವರದಿ ಕೊಟ್ಟರು. ಅಬಕಾರಿ ಆದಾಯದ ಆಸೆ ಇರಲಿಲ್ಲ ಅಂತ ನಾನೇನೂ ಹೇಳಲ್ಲ. 1961ರ ವಿಶ್ವಸಂಸ್ಥೆ ಒಪ್ಪಂದ ಗಾಂಜಾವನ್ನು ಹೆರಾಯಿನ್ ಪಕ್ಕದಲ್ಲಿ ಕೂರಿಸಿತು. ಅದಕ್ಕೆ ಸಹಿ ಹಾಕಿದ ನಾವು 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಮಾಡಿದೆವು.

ನನಗೆ ಆಶ್ಚರ್ಯ ಆಗಿದ್ದು ಇಲ್ಲಿ. ಆ ಕಾಯ್ದೆಯ 8ನೇ ಸೆಕ್ಷನ್‌ನಲ್ಲೇ "ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ"ಕ್ಕೆ ವಿನಾಯಿತಿ ಇದೆ. 10ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ನಿಯಮ ಮಾಡಿ ಅನುಮತಿ ಕೊಡಬಹುದು. ಅಂದರೆ ಬಾಗಿಲು ಮೊದಲಿನಿಂದಲೂ ಇದೆ, ತೆಗೆಯೋರಿಲ್ಲ ಅಷ್ಟೆ.

ಹಾಗಾದಾಗ ಏನಾಗುತ್ತೆ ಅನ್ನೋದಕ್ಕೆ ಮಾರ್ಫಿನ್ ಕಥೆ ನೋಡಿ. ಅದೂ ಇದೇ ಕಾಯ್ದೆಯಡಿ ಬರುತ್ತೆ, ಅದಕ್ಕೂ ವಿನಾಯಿತಿ ಇತ್ತು. ಆದರೆ ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ನಾಲ್ಕೈದು ಲೈಸೆನ್ಸು, ಒಂದು ಲೆಕ್ಕ ತಪ್ಪಿದರೆ ಜೈಲಿನ ಭಯ. 1985ರಲ್ಲಿ ದೇಶದಲ್ಲಿ 716 ಕೆಜಿ ಇದ್ದ ಮಾರ್ಫಿನ್ ಬಳಕೆ 1997ಕ್ಕೆ 18 ಕೆಜಿಗೆ ಇಳಿಯಿತು! ಅದೂ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಕ್ಕೆ ಮಾರುವ ದೇಶದಲ್ಲಿ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2014ರಲ್ಲಿ ತಿದ್ದುಪಡಿ ಬಂದು, ಇಡೀ ದೇಶಕ್ಕೆ ಒಂದೇ ನಿಯಮ ಆಯಿತು. ದೊಡ್ಡಪ್ಪ ಅಷ್ಟರಲ್ಲಿ ಹೋಗಿಯಾಗಿತ್ತು.

ಗಾಂಜಾದ ವಿಷಯದಲ್ಲಿ ನಾವಿನ್ನೂ ಅಡ್ಡದಾರಿಯಲ್ಲೇ ಇದ್ದೇವೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಹೂತುದಿ ಮಾತ್ರ ಗಾಂಜಾ, ಬರೀ ಎಲೆ ಅಲ್ಲ. 2022ರಲ್ಲಿ ಭಂಗಿಯ ಕೇಸೊಂದರಲ್ಲಿ ಜಾಮೀನು ಕೊಡುವಾಗ ನಮ್ಮ ಹೈಕೋರ್ಟೂ ಇದನ್ನೇ ಹೇಳಿತು. ಎಲೆಯ ಸಾರದಿಂದ ಮಾಡಿದ "ವಿಜಯಾ" ಔಷಧಿಗಳು ಆಯುರ್ವೇದದ ಲೈಸೆನ್ಸಿನಲ್ಲಿ ಮಾರಾಟವಾಗೋದು ಈ ಸಂದಿಯಿಂದಲೇ. 2020ರಲ್ಲಿ ಕೋರಮಂಗಲದಲ್ಲಿ ಅದಕ್ಕೇ ಒಂದು ಕ್ಲಿನಿಕ್ ಕೂಡ ಶುರುವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯೋಕೆ ಮತ ಹಾಕಿದಾಗ (27-25, ಕೂದಲೆಳೆ ಅಂತರ!) ಭಾರತ ತೆಗೆಯಿರಿ ಅಂದ ಕಡೆ ಇತ್ತು.

ಗಾಂಜಾ ಕ್ಯಾನ್ಸರ್ ಗುಣಪಡಿಸುತ್ತೆ ಅಂತ ವಾಟ್ಸಾಪಿನಲ್ಲಿ ಬರೋದನ್ನು ನಂಬಬೇಡಿ. ಕೀಮೋ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಸೆಟೆತ, ಆ ಮಕ್ಕಳ ಫಿಟ್ಸ್ - ಇಷ್ಟಕ್ಕೆ ಒಳ್ಳೆಯ ಪುರಾವೆ ಇದೆ. ನೋವಿಗೆ ಅಷ್ಟು ಗಟ್ಟಿ ಇಲ್ಲ. ನನ್ನ ಪ್ರಕಾರ ಇಷ್ಟಕ್ಕಾದರೂ, ಡಾಕ್ಟರ್ ಚೀಟಿಗೆ, ಅಳತೆ ಗೊತ್ತಿರುವ ಔಷಧಿ ಸಿಗುವ ಹಾಗೆ ನಿಯಮ ಮಾಡಬೇಕು. ಬೀದಿಯಲ್ಲಿ ಮಾರೋದರ ಜಗಳ ಬೇರೆ, ಅದನ್ನು ಇದಕ್ಕೆ ಗಂಟು ಹಾಕಿ ರೋಗಿಗಳನ್ನು ಕಾಯಿಸೋದು ಬೇಡ.

ರಾತ್ರಿ ಅಜ್ಜಿಗೆ ಫೋನ್ ಮಾಡಿ ಹೇಳಿದೆ, ದೊಡ್ಡಪ್ಪಂಗೆ ಬೇಕಿದ್ದಿದ್ದು ಭಂಗಿ ಅಲ್ಲ ಅಜ್ಜಿ, ಮಾರ್ಫಿನ್ ಅಂತ.

"ಅದೂ ಗಿಡದ್ದೇ ಏನೋ?" ಅಂತ ಕೇಳ್ತು.

ಹೂಂ ಅಜ್ಜಿ, ಗಸಗಸೆ ಗಿಡದ್ದು ಅಂದೆ.

"ಗಸಗಸೆ ಮನೇಲೇ ಇತ್ತಲ್ಲೋ..." ಅಂತು. ಬಿಡಿಸಿ ಹೇಳೋಕೆ ನನಗೆ ಆಗಲಿಲ್ಲ.