ಮಣಿಪಾಲದ ವೈದ್ಯಶಿಕ್ಷಣವೂ ಬ್ಯಾಂಕಿನ ಬುದ್ಧಿಯೂ

ಠಾಣೆ ಜಿಲ್ಲೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಮೂರು ವರ್ಷಗಳ ಅಂತರದಲ್ಲಿ ಹುಟ್ಟಿದವು. 1989ರಲ್ಲಿ ನೆರೂಳದ ಡಿ. ವೈ. ಪಾಟೀಲ ಕಾಲೇಜು, 1992ರಲ್ಲಿ ಕಳವಾದಲ್ಲಿ ಠಾಣೆ ಮಹಾನಗರಪಾಲಿಕೆಯ ರಾಜೀವ ಗಾಂಧಿ ಕಾಲೇಜು. ಪಾಲಿಕೆಯೊಂದು ತನ್ನ ಆಸ್ಪತ್ರೆಯ ಬಲದಿಂದ ಕಾಲೇಜನ್ನು ನಡೆಸುವ ಪದ್ಧತಿ ಮುಂಬಯಿಗೆ ಹೊಸದಲ್ಲ. ಪರಳದ ಸೇಠ್ ಗೋರ್ಧನದಾಸ ಸುಂದರದಾಸ ಕಾಲೇಜು 1926ರಿಂದಲೂ ಹಾಗೆಯೇ ನಡೆದಿದೆ. ವಿದ್ಯಾರ್ಥಿಗಳ ಶುಲ್ಕವನ್ನೇ ನೆಚ್ಚಿದ ನೆರೂಳದ ಮಾರ್ಗಕ್ಕಾದರೋ ಬೇರೆಯೇ ವಂಶಾವಳಿಯುಂಟು. 1983ರಲ್ಲಿ ವಸಂತದಾದಾ ಪಾಟೀಲರ ಸರ್ಕಾರವು ಖಾಸಗಿ ವೃತ್ತಿಶಿಕ್ಷಣಕ್ಕೆ ಬಾಗಿಲು ತೆರೆಯುವುದಕ್ಕೆ ಮೂವತ್ತು ವರ್ಷ ಮೊದಲೇ ಆ ಮಾರ್ಗವನ್ನು ತುಳಿದವರು ದಕ್ಷಿಣ ಕನ್ನಡದ ಡಾ. ಟಿ. ಎಂ. ಎ. ಪೈಗಳು.

ತೋನ್ಸೆ ಮಾಧವ ಅನಂತ ಪೈಗಳು 1898ರಲ್ಲಿ ಕಲ್ಯಾಣಪುರದಲ್ಲಿ ಜನಿಸಿ, ಮದ್ರಾಸಿನಲ್ಲಿ ವೈದ್ಯಪದವಿ ಪಡೆದು ಊರಿಗೆ ಮರಳಿದರು. 1925ರಲ್ಲಿ ಅಣ್ಣ ಉಪೇಂದ್ರ ಪೈಗಳೊಡನೆಯೂ ವಾಮನ ಕುಡ್ವರೊಡನೆಯೂ ಕೂಡಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಕೈಯಲ್ಲಿದ್ದ ಬಂಡವಾಳ ಎಂಟು ಸಾವಿರ ರೂಪಾಯಿ. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಇಂದಿನವರಿಗೂ ಪರಿಚಿತವೇ: ಮನೆಬಾಗಿಲಿಗೆ ಬಂದ ಏಜೆಂಟನ ಕೈಗೆ ದಿನಕ್ಕೆರಡಾಣೆ. ದೊಡ್ಡ ದಾನಿಯ ದಾರಿ ಕಾಯದೆ, ಸಣ್ಣ ಮೊತ್ತಗಳನ್ನು ಅನೇಕರಿಂದ ಕೂಡಿಸಿ ನೆಲೆಯಾದ ಹಣವನ್ನಾಗಿ ಮಾಡುವ ಈ ಅಭ್ಯಾಸವನ್ನು ಗಮನಿಸದೆ ಮಣಿಪಾಲದ ಕಾಲೇಜನ್ನು ತಿಳಿಯಲಾಗದು.

ಆ ಹೊತ್ತಿಗೆ ವೈದ್ಯವೃತ್ತಿಯೇ ತಿರುವಿನಲ್ಲಿತ್ತು. 1946ರ ಭೋರ್ ಸಮಿತಿಯ ವರದಿಯಂತೆ ದೇಶದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ. ಅವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಪದವೀಧರರಲ್ಲ, ವೈದ್ಯಶಾಲೆಗಳಲ್ಲಿ ಕಲಿತ ಲೈಸೆನ್ಷಿಯೇಟರು. ಇನ್ನು ಮುಂದೆ ಪದವೀಧರ ವೈದ್ಯರೊಂದೇ ವರ್ಗವಿರಲೆಂದು ಸಮಿತಿಯ ಬಹುಮತ ಶಿಫಾರಸು ಮಾಡಿತು. ಶಿಕ್ಷಣದ ಮಟ್ಟವೇರಿಸುವ ದೃಷ್ಟಿಯಿಂದ ಅದು ಸರಿಯಾಗಿದ್ದಿರಬಹುದು. ಆದರೆ ಅಗ್ಗದ ಶಾಲೆಗಳು ಮುಚ್ಚಿ ದುಬಾರಿಯ ಕಾಲೇಜೊಂದೇ ಹಾದಿಯಾಗಿ ಉಳಿಯಿತು. ಆ ವೆಚ್ಚವನ್ನು ಸರ್ಕಾರ ಹೊರುವುದೆಂಬುದು ಸಮಿತಿಯ ಎಣಿಕೆ. ಆ ಎಣಿಕೆಗೂ ಬೊಕ್ಕಸಕ್ಕೂ ನಡುವಣ ಅಂತರದಲ್ಲಿ ಪೈಗಳು ಕಾಲಿರಿಸಿದರು.

1953ರಲ್ಲಿ ಮುರಕಲ್ಲಿನ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆಯಿತು. ಮಿಷನರಿಗಳ ಆಶ್ರಯವಿಲ್ಲ, ಸರ್ಕಾರದ ಅನುದಾನವಿಲ್ಲ. ಪ್ರವೇಶ ಪಡೆಯುವವರ ಹಣವೇ ಆಧಾರ. ಜಿಲ್ಲೆ ಆಗ ಮದ್ರಾಸು ರಾಜ್ಯದಲ್ಲಿದ್ದರೂ ಕಾಲೇಜು ಸಂಯೋಜಿತವಾದುದು ಮುಂಬಯಿ ರಾಜ್ಯಕ್ಕೆ ಸೇರಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. (ಆ ವಿಶ್ವವಿದ್ಯಾಲಯವೂ 1949ರಲ್ಲಿ ಮೊದಲು ಕೆಲಸ ತೊಡಗಿದುದು ಮುಂಬಯಿಯಲ್ಲಿಯೇ ಎಂಬುದನ್ನು ಇಲ್ಲಿಯ ಕನ್ನಡಿಗರು ಮರೆಯಬಾರದು.) ಏಕೀಕರಣಕ್ಕೆ ಮೂರು ವರ್ಷ ಮೊದಲೇ ರಾಜ್ಯದ ಗಡಿಯನ್ನು ದಾಟಿದ ಈ ನಂಟು ಪೈಗಳ ವ್ಯವಹಾರ ಚಾತುರ್ಯಕ್ಕೆ ಸಾಕ್ಷಿ.

ಹೆಚ್ಚಿನ ಚಾತುರ್ಯ ಕಂಡುದು ಆಸ್ಪತ್ರೆಯ ವಿಷಯದಲ್ಲಿ. ರೋಗಿಗಳಿಲ್ಲದೆ ವೈದ್ಯಶಿಕ್ಷಣವಿಲ್ಲ, ನೂರಾರು ಹಾಸಿಗೆಗಳ ಆಸ್ಪತ್ರೆಯನ್ನು ಕಟ್ಟುವಷ್ಟು ಹಣ ಗುಡ್ಡದ ಮೇಲಿರಲಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯೂ ಲೇಡಿ ಗೋಶನ್ ಹೆರಿಗೆ ಆಸ್ಪತ್ರೆಯೂ ಸರ್ಕಾರದವು. ಸರ್ಕಾರದೊಡನೆ ಒಪ್ಪಂದವಾಗಿ 1955ರಿಂದ ಕಾಲೇಜಿನ ವಿದ್ಯಾರ್ಥಿಗಳು ಅಲ್ಲಿಯ ವಾರ್ಡುಗಳಲ್ಲಿ ಕಲಿಯತೊಡಗಿದರು. ಸ್ಥಿರ ಆಸ್ತಿಯಲ್ಲಿ ಹಣ ಹೂಳದೆ, ಇರುವ ಆಸ್ತಿಯನ್ನು ದುಡಿಸಿಕೊಳ್ಳುವುದು ಬ್ಯಾಂಕಿನವನ ಬುದ್ಧಿಯೇ ಸರಿ. ಮಣಿಪಾಲದ ಸ್ವಂತ ಆಸ್ಪತ್ರೆ ಎದ್ದುದು 1961ರಲ್ಲಿ. ಈ ಏರ್ಪಾಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಬಡರೋಗಿಗೆ ಹೆಚ್ಚಿನ ವೈದ್ಯರು ದೊರೆತರೆಂಬುದು ಒಂದು ಮುಖ. ಆ ಬಡವನ ದೇಹದ ಮೇಲೆ ಕಲಿತವರು ಹಣ ತೆತ್ತು ಬಂದವರ ಮಕ್ಕಳು, ಅವನ ಮಗನಿಗೆ ಆ ಕಾಲೇಜಿನ ಬಾಗಿಲು ಸುಲಭವಾಗಿರಲಿಲ್ಲವೆಂಬುದು ಇನ್ನೊಂದು. ಪೈಗಳನ್ನು ಹೊಗಳುವ ಬರಹಗಳು ಎರಡನೆಯದನ್ನೂ, ತೆಗಳುವವು ಮೊದಲನೆಯದನ್ನೂ ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಪೈಗಳು 1979ರಲ್ಲಿ ತೀರಿಕೊಂಡರು. ಅವರ ಮಾರ್ಗವನ್ನು ಅನುಸರಿಸಿದವರಲ್ಲಿ ಎಲ್ಲರಿಗೂ ಅವರ ಮಿತವ್ಯಯವಾಗಲಿ ಶಿಕ್ಷಣದ ಕಾಳಜಿಯಾಗಲಿ ಇರಲಿಲ್ಲ. ಕ್ಯಾಪಿಟೇಷನ್ ಎಂಬುದು ಬೈಗುಳದಂತೆ ಕೇಳಿಸತೊಡಗಿತು. 1984ರಲ್ಲಿ ಕರ್ನಾಟಕ ಅದನ್ನು ಕಾಯಿದೆಯಿಂದ ನಿಷೇಧಿಸಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂವಿಧಾನ ವಿರುದ್ಧವೆಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಉಚಿತ ಸೀಟು, ಶುಲ್ಕದ ಸೀಟು ಎಂದು ಭಾಗ ಮಾಡಿತು. ಕೊನೆಗೆ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠವು ಆ ವಿಭಾಗವನ್ನು ತಳ್ಳಿಹಾಕಿ, ಅನುದಾನರಹಿತ ಸಂಸ್ಥೆ ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗತೆಯನ್ನು ಉಳಿಸಬಹುದು, ಆದರೆ ಲಾಭಕೋರತನವೂ ಕ್ಯಾಪಿಟೇಷನ್ನೂ ಸಲ್ಲದು ಎಂದು ತೀರ್ಮಾನಿಸಿತು. ಮೊಕದ್ದಮೆಯ ಹೆಸರು ಟಿ. ಎಂ. ಎ. ಪೈ ಫೌಂಡೇಷನ್. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ದೇಶದ ಲೆಕ್ಕದಿಂದಲ್ಲ, ರಾಜ್ಯದ ಲೆಕ್ಕದಿಂದ ನಿರ್ಣಯಿಸಬೇಕೆಂದುದೂ ಇದೇ ತೀರ್ಪು. ಮಹಾರಾಷ್ಟ್ರದಲ್ಲಿ ಶಾಲೆ ನಡೆಸುವ ಕನ್ನಡ ಸಂಘಗಳ ಹಕ್ಕಿಗೂ ಅದೇ ಅಳತೆಗೋಲು.

ಮಣಿಪಾಲದ ಅಕಾಡೆಮಿ 1993ರಲ್ಲಿ ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡ ಬ್ಯಾಂಕಾದರೋ 1969ರಲ್ಲಿ ರಾಷ್ಟ್ರೀಕೃತವಾಗಿ ಪೈಗಳ ಕೈಬಿಟ್ಟಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.