ಮಂಜರಾಬಾದಿನ ಚಳಿಜ್ವರವೂ ನಿಲ್ಲದ ಬಸಿರೂ

ಸಕಲೇಶಪುರ ಮತ್ತು ಆಲೂರು ಸೀಮೆಯಲ್ಲಿ ಬಸಿರು ಮೇಲಿಂದ ಮೇಲೆ ಇಳಿದುಹೋದರೆ ನಾಗದೋಷವನ್ನು ಶಂಕಿಸುವುದೂ, ಬಿಸಿಲೆ ಘಾಟಿಯಿಳಿದು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಮಾಡಿಸುವುದೂ ಹಳೆಯ ವಾಡಿಕೆ. ವೈದ್ಯಶಾಸ್ತ್ರ ಹಿಡಿದ ದಾರಿ ಬೇರೆ. ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವವೆಂದೂ ಐದಾರನೆಯ ತಿಂಗಳಿನದನ್ನು ಗರ್ಭಪಾತವೆಂದೂ ವಿಂಗಡಿಸಿದ ಸುಶ್ರುತಸಂಹಿತೆಯು, ನಿಂತ ಗರ್ಭವೆಲ್ಲ ರಕ್ತಸ್ರಾವದಿಂದ ನಾಶವಾಗುವ ಸ್ಥಿತಿಯನ್ನು ಪ್ರತ್ಯೇಕ ವ್ಯಾಧಿಯಾಗಿಯೇ ಗುರುತಿಸಿತ್ತು.

ಸಕಲೇಶಪುರ ಸೀಮೆ ಮಂಜರಾಬಾದ್ ಎನಿಸಿಕೊಂಡಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಹಬ್ಬಿ, ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಕೂಲಿಯಾಳುಗಳು ಬರತೊಡಗಿದರು. ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ ಮರಿಮಾಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಯೇ ಮಲೆನಾಡಿನ ಚಳಿಜ್ವರದ, ಅಂದರೆ ಮಲೇರಿಯಾದ, ಮುಖ್ಯ ವಾಹಕ. ಮಲೇರಿಯಾದ ರೋಗಾಣು ಗರ್ಭಿಣಿಯ ಮಾಸಿನಲ್ಲಿ ಶೇಖರಗೊಂಡು ಗರ್ಭಕ್ಕೆ ಕುತ್ತಾಗುತ್ತದೆ. ಜ್ವರ ಸದಾ ನೆಲೆಸಿದ ಊರಿನ ಹೆಣ್ಣಿಗೆ ಮೊದಲ ಬಸಿರಿನಲ್ಲಿ ಅಪಾಯ ಹೆಚ್ಚು, ಮುಂದಿನವುಗಳಲ್ಲಿ ಕಡಿಮೆ. ಜ್ವರದ ಅನುಭವವಿಲ್ಲದ ಸೀಮೆಯಿಂದ ಬಂದವಳಿಗಾದರೋ ಯಾವ ಬಸಿರೂ ಸುರಕ್ಷಿತವಲ್ಲ. ಆದಕಾರಣ ತೋಟದ ಸಾಲುಮನೆಗಳಲ್ಲಿ ಬಸಿರಿನ ನಷ್ಟಕ್ಕೆಲ್ಲ ಜ್ವರವನ್ನೇ ಹೊಣೆಮಾಡುವುದು ಸುಲಭವಿತ್ತು, ಬಹುಪಾಲು ಸರಿಯೂ ಇದ್ದೀತು.

ಈ ಜ್ವರ ವಿಜ್ಞಾನವನ್ನೂ ದಾರಿತಪ್ಪಿಸಿದ ಬಗೆ ಕುತೂಹಲಕರ. 1906ರಲ್ಲಿ ಜರ್ಮನಿಯ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್ ಪತ್ತೆಗೆ ರಕ್ತಪರೀಕ್ಷೆಯೊಂದನ್ನು ರೂಪಿಸಿದರು; ಮುಂದೆ ಅದಕ್ಕೆ ಎತ್ತಿನ ಹೃದಯದ ಸಾರವನ್ನು ಬಳಸಲಾಯಿತು, ಆ ಸಾರದಲ್ಲಿದ್ದ ಕಾರ್ಡಿಯೊಲಿಪಿನ್ ಎಂಬ ಕೊಬ್ಬನ್ನು 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಬೇರ್ಪಡಿಸಿದರು. ಮಲೇರಿಯಾ, ಕುಷ್ಠ ಮುಂತಾದ ರೋಗಗಳಲ್ಲೂ ಈ ಪರೀಕ್ಷೆ ಸಿಫಿಲಿಸ್ ಇದೆಯೆಂದೇ ಹೇಳುತ್ತಿದ್ದುದರಿಂದ, ಮಲೆನಾಡಿನಂಥ ಜ್ವರದ ಸೀಮೆಯಲ್ಲಿ ಅದನ್ನು ನಂಬಿ ಗರ್ಭ ಕಳೆದುಕೊಂಡವಳ ಅಥವಾ ಅವಳ ಗಂಡನ ನಡತೆಯನ್ನು ಶಂಕಿಸಿದರೆ ಅದು ಬರಿಯ ಅನ್ಯಾಯವೇ ಆಗುತ್ತಿತ್ತು. ಆದರೆ ಕೆಲವರಲ್ಲಿ ಸಿಫಿಲಿಸ್ಸೂ ಇಲ್ಲದೆ, ಜ್ವರವೂ ಇಲ್ಲದೆ, ಈ ಸುಳ್ಳು ಫಲಿತಾಂಶ ವರ್ಷಗಟ್ಟಲೆ ಉಳಿಯುತ್ತಿತ್ತು. ಅಂಥವರಲ್ಲಿ ಹಲವರಿಗೆ ಲೂಪಸ್, ಎಂದರೆ ದೇಹದ ರಕ್ಷಣಾವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಕಾಯಿಲೆ, ಇರುವುದು 1950ರ ದಶಕದಲ್ಲಿ ಸ್ಪಷ್ಟವಾಯಿತು.

1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಸಿಂಪಡಣೆಯಿಂದ ದೇಶದಾದ್ಯಂತ ಚಳಿಜ್ವರ ಹಿಂಜರಿದಾಗ, ಜ್ವರದ ಮರೆಯಲ್ಲಿದ್ದ ಇತರ ಕಾರಣಗಳನ್ನು ಹುಡುಕುವುದು ಸಾಧ್ಯವಾಯಿತು. ಲಂಡನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ವಿವರಿಸಿದ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮಿನಲ್ಲಿ, ಕಾರ್ಡಿಯೊಲಿಪಿನ್‌ನಂಥ ಕೊಬ್ಬಿಗೆ ಅಂಟುವ ರಕ್ತದ ಪ್ರೋಟೀನಿನ ವಿರುದ್ಧ ಹುಟ್ಟಿದ, ಆ ಸುಳ್ಳು ಫಲಿತಾಂಶಕ್ಕೂ ಕಾರಣವಾಗಬಲ್ಲ ಪ್ರತಿಕಾಯಗಳು ರಕ್ತವನ್ನು ಹೆಪ್ಪುಗಟ್ಟಿಸಿ, ಮಾಸಿನ ಬೆಳವಣಿಗೆಗೂ ಅಡ್ಡಿಯಾಗಿ, ಬಸಿರು ನಿಲ್ಲಗೊಡುವುದಿಲ್ಲ. ಮಲೇರಿಯಾದಂಥ ಸೋಂಕು ಹುಟ್ಟಿಸುವ ಪ್ರತಿಕಾಯಗಳು ಸಾಮಾನ್ಯವಾಗಿ ತಾತ್ಕಾಲಿಕವಾದ್ದರಿಂದ, 2006ರಲ್ಲಿ ಪರಿಷ್ಕೃತಗೊಂಡ ಮಾನದಂಡವು ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕೆಂದು ವಿಧಿಸಿತು. ಚಿಕಿತ್ಸೆಯಾದರೋ ಇಷ್ಟೊಂದು ತೊಡಕಿನದಲ್ಲ. ಅಲ್ಪ ಪ್ರಮಾಣದ ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಪಡೆದ ಇಂಥ ಗರ್ಭಿಣಿಯರಲ್ಲಿ ಶೇ. 71ರಷ್ಟು ಮಂದಿಗೂ, ಆಸ್ಪಿರಿನ್ ಮಾತ್ರ ಪಡೆದವರಲ್ಲಿ ಶೇ. 42ರಷ್ಟು ಮಂದಿಗೂ ಜೀವಂತ ಮಗು ಹುಟ್ಟಿತೆಂದು 1997ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದು ತೋರಿಸಿತು.