ಒಂಟಿ ಹಳಿಯ ಅಪ್ಪಣೆ



ಸಣ್ಣ ಸ್ಟೇಷನ್ನಿನಲ್ಲಿ ಒಬ್ಬನು ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು ನಿಂತಿರುವುದನ್ನೂ, ಓಡುವ ರೈಲುಬಂಡಿಯಿಂದ ಕೈಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುವುದನ್ನೂ ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಬಳೆಗೆ ಕಟ್ಟಿದ ಚೀಲದಲ್ಲಿ ಉಕ್ಕಿನ ಗುಂಡೊಂದು ಇರುತ್ತಿತ್ತು. ಒಂಟಿ ಹಳಿಯ ಮೇಲೆ ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಅದೇ ಅಪ್ಪಣೆ. ತಂತಿಯಲ್ಲಿ ಕ್ಷಣಮಾತ್ರದಲ್ಲಿ ತಿಳಿಸಬಹುದಾದ ಅಪ್ಪಣೆಗೆ ಈ ಗುಂಡೇಕೆ ಬೇಕಾಯಿತು?

1874ನೆಯ ಇಸವಿ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರಿಚ್ ನಗರಕ್ಕೆ ಲಂಡನ್ನಿನ ಎಕ್ಸ್‌ಪ್ರೆಸ್ ಗಾಡಿಯು ತಡವಾಗಿ ಬಂದಿತು. ಅಲ್ಲಿಂದ ಬ್ರಂಡಾಲಿನವರೆಗೆ ಒಂದೇ ಹಳಿ. ಎದುರಿನಿಂದ ಬರಬೇಕಾದ ಟಪಾಲುಗಾಡಿಯು ಬ್ರಂಡಾಲಿನಲ್ಲಿ ಕಾದಿತ್ತು. ಅದನ್ನು ಕಳುಹಿಸುವಂತೆ ನಾರಿಚ್ಚಿನ ಇನ್ಸ್‌ಪೆಕ್ಟರು ತಂತಿಯ ಒಕ್ಕಣೆಯನ್ನು ಬರೆಯಿಸಿದನು. ಆದರೆ ರುಜು ಹಾಕಲಿಲ್ಲ. ರುಜುವಿಲ್ಲದ ತಂತಿಯು ಹೋಗಲಾರದೆಂದು ನಂಬಿ ಎಕ್ಸ್‌ಪ್ರೆಸ್ಸನ್ನು ಹೊರಡಿಸಿದನು. ಗುಮಾಸ್ತನಾದರೋ ತಂತಿಯನ್ನು ಕಳುಹಿಸಿಬಿಟ್ಟಿದ್ದನು! ತಪ್ಪು ತಿಳಿದು ಮರುತಂತಿ ಕೊಟ್ಟಾಗ, ಟಪಾಲುಗಾಡಿಯು ಹೊರಟುಹೋಯಿತೆಂಬ ಉತ್ತರ ಬಂದಿತು. ಥಾರ್ಪ್ ಎಂಬಲ್ಲಿ ಎರಡೂ ಗಾಡಿಗಳು ಮಳೆಯ ಕತ್ತಲಲ್ಲಿ ಎದುರುಬದುರಾಗಿ ಅಪ್ಪಳಿಸಿದವು. 25 ಮಂದಿ ಮಡಿದರು.

ಮಾತು ಏಕಕಾಲಕ್ಕೆ ಎರಡು ಕಡೆ ಇರಬಲ್ಲುದು, ವಸ್ತು ಹಾಗಿರಲಾರದು. ಈ ಸರಳ ಸತ್ಯವನ್ನೇ ಆಧರಿಸಿ ಎಡ್ವರ್ಡ್ ಟೈಯರ್ ಎಂಬ ಎಂಜಿನಿಯರು 1878ರಲ್ಲಿ ತನ್ನ ಬಿಲ್ಲೆಯ ಯಂತ್ರವನ್ನು ಹೊರತಂದನು. ಹಳಿಯ ಎರಡು ಕೊನೆಗಳಲ್ಲಿಯೂ ಒಂದೊಂದು ಯಂತ್ರ; ಅವೆರಡಕ್ಕೂ ವಿದ್ಯುತ್ತಿನ ಸಂಬಂಧ. ಒಂದರಿಂದ ಒಂದು ಬಿಲ್ಲೆಯನ್ನು ತೆಗೆದರೆ, ಅದು ಯಾವುದಾದರೊಂದು ಯಂತ್ರಕ್ಕೆ ಮರಳಿ ಸೇರುವವರೆಗೆ ಎರಡೂ ಮತ್ತೊಂದನ್ನು ಕೊಡವು. ಇಂಡಿಯಾದ ಒಂಟಿ ಹಳಿಗಳಲ್ಲಿ ಬಹುಕಾಲ ನಡೆದ ನೀಲ್ ಯಂತ್ರದ ಗುಂಡಿಗೂ ಇದೇ ತತ್ತ್ವ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 1921ನೆಯ ಜನವರಿ 26ರಂದು ವೇಲ್ಸ್ ಪ್ರಾಂತದ ಆಬರ್‌ಮ್ಯೂಲ್ ಸ್ಟೇಷನ್ನಿನಲ್ಲಿ ಒಬ್ಬ ಡ್ರೈವರನು ತಾನು ದಾಟಿಬಂದ ಹಳಿಯ ಬಿಲ್ಲೆಯನ್ನು ಒಪ್ಪಿಸಿದನು. ಅದೇ ಬಿಲ್ಲೆ ಕೈಯಿಂದ ಕೈಗೆ ಸಾಗಿ ಅವನಿಗೇ ಮರಳಿ ಬಂದಿತು. ಮುಂದಿನ ಹಳಿಯದೆಂದು ಎಲ್ಲರೂ ತಿಳಿದರು. ಅದರ ಮೇಲಿನ ಬರಹವನ್ನು ಯಾರೂ ಓದಲಿಲ್ಲ. ಗಾಡಿ ಹೊರಟಿತು, ಎದುರಿನ ಎಕ್ಸ್‌ಪ್ರೆಸ್ಸಿಗೆ ಢಿಕ್ಕಿ ಹೊಡೆಯಿತು, 17 ಮಂದಿ ಸತ್ತರು. ಯಂತ್ರಗಳಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

ಮಾತನ್ನು ನಂಬಿ ಕೆಟ್ಟ ಮನುಷ್ಯನು ಯಂತ್ರವನ್ನು ಕಟ್ಟಿದನು. ಯಂತ್ರವನ್ನು ನಂಬಿ ಕಣ್ಣು ಮುಚ್ಚಿದನು. ಬಿಲ್ಲೆಯನ್ನು ಕೊಡುವವನೂ ಕೊಳ್ಳುವವನೂ ಅದನ್ನೊಮ್ಮೆ ಓದಿ ನೋಡಬೇಕೆಂಬ ಸಣ್ಣ ಕಟ್ಟಳೆಯಲ್ಲಿ ನೂರಾರು ಪ್ರಯಾಣಿಕರ ಪ್ರಾಣ ಅಡಗಿದೆ.